ಸಿಕ್ಕಿಹಾಕಿಕೊಂಡ ರಾತ್ರಿ

‘ಮಳೆಗೆ ಸಿಕ್ಕಿಹಾಕಿಕೊಂಡೆವು.’ ಆ ರಾತ್ರಿಯ ಸಂಗತಿಯನ್ನು ಯಾರು ಕೇಳಿದರೂ ನಾನು ಹೀಗೆಯೇ ಶುರು ಮಾಡುತ್ತಿದ್ದೆ. ಹೇಳಿ ಹೇಳಿ ಮಾತು ನುಣುಪಾಗಿತ್ತು. ಮಳೆ ಎಲ್ಲಿಂದಲೋ ಬಂದು ನಮ್ಮನ್ನು ಹಿಡಿದಿತ್ತು. ನಾವು ದಾರಿಯಲ್ಲಿ ನಮ್ಮ ಪಾಡಿಗೆ ಹೋಗುತ್ತಿದ್ದವರು. ಕೇಳಿದವರು ಅಯ್ಯೋ ಎನ್ನುತ್ತಿದ್ದರು. ಆ ಅಯ್ಯೋ ನನಗೆ ಹಿತವಾಗಿತ್ತು.

ಈಚೆಗೆ ಮಗಳಿಗೆ ಕನ್ನಡ ಪಾಠ ಹೇಳಿಕೊಡುವಾಗ ಆ ಕ್ರಿಯಾಪದದ ಬಾಲದ ಮೇಲೆ ಕಣ್ಣು ಬಿತ್ತು. ಸಿಕ್ಕಿ, ಹಾಕಿ, ಕೊಂಡೆವು. ಉಟ್ಟುಕೊಂಡೆವು, ಹೊದ್ದುಕೊಂಡೆವು, ಬರೆದುಕೊಂಡೆವು, ತಂದುಕೊಂಡೆವು. ಎಲ್ಲಿ ‘ಕೊಳ್ಳು’ ಬರುತ್ತದೋ ಅಲ್ಲಿ ಮಾಡಿದವನೂ ತಾನೇ, ಪಡೆದವನೂ ತಾನೇ. ವ್ಯಾಕರಣ ಬಲ್ಲವರು ಇದಕ್ಕೆ ಬೇರೆ ವಿವರಣೆ ಕೊಡಬಹುದು. ನನಗಂತೂ, ಇಷ್ಟು ವರ್ಷ ನಾನು ಬಿಟ್ಟು ಹೇಳುತ್ತಿದ್ದುದನ್ನು ನನ್ನ ಮಾತೇ ಹೇಳುತ್ತಿತ್ತಲ್ಲ ಅನ್ನಿಸಿತು. ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಹಾಗಾಗಿ ಆ ಸಂಗತಿಯನ್ನು ಈ ಸಲ ಕೊಟ್ಟಿಗೆಹಾರದಿಂದ ಹೇಳುತ್ತೇನೆ. ಮೊದಲೆಲ್ಲ ಚಾರ್ಮಾಡಿ ಘಾಟಿಯ ನಡುವಿನಿಂದ ಶುರು ಮಾಡುತ್ತಿದ್ದೆ.

ಪುನರ್ವಸು ಮಳೆಯ ದಿನಗಳು. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರ ಮುಟ್ಟುವಾಗ ಸಂಜೆ ನಾಲ್ಕೂವರೆ. ಕಾರಿನಲ್ಲಿ ಅಮ್ಮ, ಹೆಂಡತಿ, ಒಂಬತ್ತು ವರ್ಷದ ಮಗಳು. ಆ ಊರಿನ ನೀರುದೋಸೆ ತಿನ್ನದೆ ಘಾಟಿ ಇಳಿಯುವವರು ಕಡಿಮೆ. ನಾವೂ ಕೂತೆವು. ಹೋಟೆಲಿನ ಯಜಮಾನರು ಉಲ್ಲನ್ ಟೋಪಿ ಹಾಕಿಕೊಂಡು ಗಲ್ಲಾದ ಮುಂದೆ ಕೂತಿದ್ದರು. ತೋಟದವರೊಬ್ಬರು ಕೊಡೆ ಮಡಚುತ್ತಾ ಒಳಗೆ ಬಂದಾಗ ಅವರು ಕೇಳಿದ್ದು ಒಂದೇ ಮಾತು: “ಎಷ್ಟಾಯ್ತು?”

“ಬೆಳಿಗ್ಗೆಗೆ ಎಂಟು.”

ಎಂಟು ಇಂಚು. ಕಾಫಿ ಸೀಮೆಯವರು ಮಳೆಯನ್ನು ಇಂದಿಗೂ ಇಂಚಿನಲ್ಲೇ ಎಣಿಸುತ್ತಾರೆ. ಎಷ್ಟೋ ತೋಟಗಳಲ್ಲಿ ಮಳೆ ಮಾಪಕ ಇದೆ, ದಿನದಿನದ ಲೆಕ್ಕ ಬರೆದಿಡುವ ಪುಸ್ತಕ ಇದೆ. ಆ ಎಂಟು ನನ್ನ ಕಿವಿಗೆ ಬಿತ್ತು, ಬುದ್ಧಿಗೆ ಹೋಗಲಿಲ್ಲ. ಎಂಟು ಇಂಚೆಂದರೆ ಸುಮಾರು 203 ಮಿಲಿಮೀಟರ್. ಒಂದು ದಿನಕ್ಕೆ 204.5 ಮಿ.ಮೀ. ಮುಟ್ಟಿತೆಂದರೆ ಹವಾಮಾನ ಇಲಾಖೆ ಅದನ್ನು ತನ್ನ ಏಣಿಯ ಕೊನೆಯ ಮೆಟ್ಟಿಲಿಗೆ, ‘ಅತ್ಯಂತ ಭಾರಿ’ ಮಳೆಗೆ ಸೇರಿಸುತ್ತದೆ. ನಮ್ಮ ಬೆಂಗಳೂರಿಗೆ ಇಡೀ ವರ್ಷದಲ್ಲಿ ಬೀಳುವುದೇ 970 ಮಿ.ಮೀ. ಆಸುಪಾಸು. ಅಂದರೆ ಅಂಥ ಐದು ದಿನ ಕಳೆದರೆ ನಮ್ಮ ಒಂದು ವರ್ಷ ಮುಗಿಯಿತು. ಒಂದು ಎಕರೆಯ ಮೇಲೆ ಎಂಟು ಇಂಚು ಬಿದ್ದರೆ ಎಂಟು ಲಕ್ಷ ಲೀಟರಿಗೂ ಹೆಚ್ಚು ನೀರು. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 68 ಟ್ಯಾಂಕರ್. ಒಂದು ಎಕರೆಗೆ, ಒಂದು ದಿನಕ್ಕೆ. ಅಷ್ಟು ನೀರು ಇಳಿಜಾರಿನ ಮಣ್ಣಿನೊಳಗೆ ಇಳಿದು, ಕಣಕಣದ ನಡುವಿನ ಸಂದನ್ನೆಲ್ಲ ತುಂಬಿ, ಕೆಳಗಿನ ಬಂಡೆಯ ಮೇಲೆ ತೇಲಿಸುವ ಹಾಗೆ ಒತ್ತಿದರೆ, ಗುಡ್ಡವನ್ನು ಹಿಡಿದಿಡಲು ಮರದ ಬೇರಿಗೆ ಉಳಿಯುವ ಶಕ್ತಿ ಎಷ್ಟು? ಈ ಲೆಕ್ಕವನ್ನೆಲ್ಲ ನಾನು ಮಾಡಿದ್ದು ಮನೆಗೆ ಬಂದ ಮೇಲೆ. ಗಲ್ಲಾದ ಮುಂದೆ ಕೂತಿದ್ದವರಿಗೆ ಲೆಕ್ಕ ಬೇಕಿರಲಿಲ್ಲ. ‘ಎಂಟು’ ಎಂದಾಗ ಅವರು ಮಾತಾಡದೆ ರಸ್ತೆಯ ಕಡೆ ನೋಡಿದರು.

ದುಡ್ಡು ಕೊಡಲು ಹೋದಾಗ ಕೇಳಿದರು: “ಕೆಳಗೆ ಇಳೀತೀರಾ ಸಾರ್?”

“ಹೌದು. ರಾತ್ರಿಗೆ ಮಂಗಳೂರು.”

“ಇವತ್ತು ಬೇಡ. ಗಾಳಿ ಸರಿ ಇಲ್ಲ.”

“ರೋಡ್ ಓಪನ್ ಇದೆಯಲ್ಲ?”

“ಓಪನ್ ಏನೋ ಇದೆ. ಮಧ್ಯಾಹ್ನದಿಂದ ಕೆಳಗಿನ ಬಸ್ಸು ಒಂದೂ ಮೇಲೆ ಬಂದಿಲ್ಲ ಸಾರ್. ಮೂಡಿಗೆರೇಲಿ ಉಳ್ಕೊಂಡು ಬೆಳಿಗ್ಗೆ ಹೋಗಿ.”

ಹಿಂದೆ ನಿಂತಿದ್ದ ಅಮ್ಮ, “ಇದ್ದುಬಿಡೋಣ ಕಣೋ, ಅವರು ಇಲ್ಲಿಯವರು” ಎಂದರು. ನಾನು ಅಮ್ಮನ ಹೆಗಲು ಮುಟ್ಟಿ ನಕ್ಕೆ. ಮಂಗಳೂರಿನ ರೂಮಿಗೆ 2,400 ರೂಪಾಯಿ ಮುಂಗಡ ಕಟ್ಟಿದ್ದೆ. ಇದೇ ಕಾರಣ. ಇದಕ್ಕಿಂತ ದೊಡ್ಡದೊಂದು ಕಾರಣ ಇತ್ತೇನೋ ಎಂದು ಎಷ್ಟೋ ಸಲ ಹುಡುಕಿದ್ದೇನೆ, ಇರಲಿಲ್ಲ. ಯಾರಿಗೋ ಹುಷಾರಿಲ್ಲ ಎಂಬಂಥದ್ದಿರಲಿಲ್ಲ, ಯಾರೂ ಕಾಯುತ್ತಿರಲಿಲ್ಲ. ಒಂದು ರೂಮು, ಮತ್ತು ರಸ್ತೆಗೆ ಯಾರೂ ಅಡ್ಡ ಹಾಕಿಲ್ಲ ಎಂಬ ಧೈರ್ಯ. ತೆರೆದ ರಸ್ತೆಯನ್ನು ನಾನು ಅಪ್ಪಣೆ ಎಂದುಕೊಂಡೆ. ಅಪ್ಪಣೆಯ ವಿಷಯ ಬಲ್ಲವರು ಎದುರಿಗೇ ಕೂತು ಚಿಲ್ಲರೆ ಎಣಿಸಿ ಕೊಡುತ್ತಿದ್ದರು.

ಇಳಿಯತೊಡಗಿದ ಮೇಲಿನದು ಬೇಗ ಹೇಳಬಹುದು. ಮಂಜು ಎಷ್ಟು ದಟ್ಟವೆಂದರೆ ಹೆಡ್‌ಲೈಟ್ ಹಾಕಿದರೆ ಬೆಳಕು ನಮ್ಮ ಮುಖಕ್ಕೇ ವಾಪಸು ಬರುತ್ತಿತ್ತು. ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಅಮ್ಮ ನಿಲ್ಲಿಸಲು ಹೇಳಿದರು. ಘಾಟಿಯಲ್ಲಿ ಓಡಾಡುವ ಡ್ರೈವರುಗಳು ಅಲ್ಲಿ ಕಾಣಿಕೆ ಹಾಕದೆ ಮುಂದೆ ಹೋಗುವುದಿಲ್ಲ. ಅಮ್ಮ ಹತ್ತು ರೂಪಾಯಿ ಹಾಕಿ, ಕೊಡೆ ತಿರುವುಮುರುವಾದರೂ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತಿದ್ದರು. ನಾನು ಹಾರ್ನ್ ಮಾಡಿದೆ. ಅದು ಇನ್ನೂ ನನ್ನ ಕಿವಿಯಲ್ಲಿದೆ.

ಮುಂದೆ ರಸ್ತೆಯ ಬಲಕ್ಕೆಲ್ಲ ನೀರು. ಪ್ರವಾಸಿಗಳು ಕಾರು ನಿಲ್ಲಿಸಿ ಫೋಟೋ ತೆಗೆಯುವ ಝರಿಗಳು ಅವತ್ತು ಝರಿಗಳಾಗಿರಲಿಲ್ಲ, ಗುಡ್ಡವೇ ಬಿಚ್ಚಿಕೊಂಡಂತೆ ಬೀಳುತ್ತಿದ್ದವು. ಹಾಲಿನಂತಿದ್ದ ನೀರು ಒಂದು ತಿರುವು ದಾಟಿದ ಮೇಲೆ ಕೆಂಪಾಗಿತ್ತು. ಮಗಳು, “ಅಪ್ಪಾ, ಇಲ್ಲಿ ಚಹಾ ಬೀಳ್ತಿದೆ” ಎಂದಳು. ನೀರು ಬಣ್ಣ ಬದಲಿಸಿತೆಂದರೆ ಮೇಲೆ ಎಲ್ಲೋ ಮಣ್ಣು ಬಿಟ್ಟುಕೊಳ್ಳುತ್ತಿದೆ ಎಂದು ಅರ್ಥ. ಅದೂ ಆಮೇಲೆ ಕಲಿತದ್ದು. ಅಷ್ಟರಲ್ಲಿ ಮಂಜಿನೊಳಗೆ ಸಾಲಾಗಿ ಕೆಂಪು ದೀಪಗಳು ಕಂಡವು.

ಒಂದು ದೊಡ್ಡ ಮರ, ಅದರೊಂದಿಗೆ ಬಂದ ಮಣ್ಣು, ರಸ್ತೆಗೆ ಅಡ್ಡ. ಮುಂದೆ ಒಂದು ಬಸ್ಸು, ತರಕಾರಿ ಲಾರಿ, ಟೆಂಪೋ, ಏಳೆಂಟು ಕಾರು. ತಿರುಗಿಸೋಣವೆಂದರೆ ಹತ್ತು ನಿಮಿಷದಲ್ಲಿ ಹಿಂದೆಯೂ ಸಾಲು ಬೆಳೆಯಿತು. ಆರು ಗಂಟೆಗೇ ಕತ್ತಲು. ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಕಾರಿನ ತಗಡಿನ ಮೇಲೆ ಬೀಳುವ ಮಳೆಯ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತು ಕೇಳದು. ಲಾರಿಯ ಡ್ರೈವರು ಒಬ್ಬೊಬ್ಬರ ಕಿಟಕಿ ತಟ್ಟುತ್ತಾ ಬಂದ. “ಅಣ್ಣಾ, ಈ ಮಣ್ಣಿನ ಕೆಳಗೆ ನಿಲ್ಲಿಸಬೇಡಿ. ರಿವರ್ಸ್ ತಗೊಳ್ಳಿ, ಹಿಂದೆ ಗಟ್ಟಿ ಬಂಡೆ ಇದೆ.” ಮಳೆಯಲ್ಲಿ ನಿಂತು ಟಾರ್ಚು ಆಡಿಸುತ್ತಾ ಒಂದೊಂದು ಗಾಡಿಯನ್ನೂ ಹಿಂದೆ ಸರಿಸಿದ. ಹಾಗೆ ಮಾಡಲು ಅವನಿಗೆ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ನೋಡಿದರೆ ನಮ್ಮ ಕಾರು ಮೊದಲು ನಿಂತಿದ್ದ ಜಾಗದಲ್ಲಿ ಮೊಣಕಾಲೆತ್ತರ ಕೆಸರಿತ್ತು.

ಒಂಬತ್ತರ ಹೊತ್ತಿಗೆ ಕೆಳಗಿನಿಂದ ದೀಪಗಳು ಹತ್ತಿ ಬಂದವು. ಎಂಟೋ ಒಂಬತ್ತೋ ಜನ. ಕತ್ತಿ, ಗರಗಸ, ಹಾರೆ, ಹಗ್ಗ. ಒಬ್ಬನ ತಲೆಯ ಮೇಲೆ ಅಡಿಕೆ ಹಾಳೆಯ ಮುಟ್ಟಾಳೆ, ಉಳಿದವರಿಗೆ ಗೊಬ್ಬರದ ಚೀಲದ ಕೊಪ್ಪೆ. ಹಾಲಿನ ಕ್ಯಾನಿನಲ್ಲಿ ಚಹಾ ತಂದಿದ್ದರು, ಒಂದು ಗೊನೆ ಬಾಳೆಹಣ್ಣು. ಘಾಟಿಯ ಬುಡದ ಊರುಗಳವರು. ಬಸ್ಸು ಇಳಿದು ಬಂದಿಲ್ಲವೆಂದು ಅವರಿಗೆ ಗೊತ್ತಾಗಿ, ಆ ಮಳೆಯಲ್ಲಿ ನಡೆದೇ ಹತ್ತಿದ್ದರು. ಮೇಲಿನವರಿಗೆ ಕೆಳಗಿನ ಬಸ್ಸಿನ ಮೇಲೆ ಕಣ್ಣು, ಕೆಳಗಿನವರಿಗೆ ಮೇಲಿನ ಬಸ್ಸಿನ ಮೇಲೆ. ನಮ್ಮಂಥವರು ಈ ಎರಡು ಕಾವಲಿನ ನಡುವೆ ಏನೂ ತಿಳಿಯದೆ ಓಡಾಡುತ್ತಿರುತ್ತೇವೆ. ಅಮ್ಮ ನಡುಗುತ್ತಿದ್ದುದನ್ನು ನೋಡಿ ಮುಟ್ಟಾಳೆಯವನು ಹೇಳಿದ: “ಹೆದರುದು ಬೇಡ ಅಮ್ಮ. ನಾವು ಉಂಟಲ್ಲ.”

ಮರ ಕಡಿದು ಎಳೆಯಲು ರಾತ್ರಿ ಮೂರು ದಾಟಿತು. ನಡುವೆ ಅವನು ಜಾರಿ ಬಿದ್ದ, ಪಾದದಲ್ಲಿ ಗಾಯವಾಯಿತು. ಹೆಂಡತಿ ತನ್ನ ದುಪಟ್ಟಾ ಹರಿದು ಕಟ್ಟಿದಳು, ನಾನು ಟಾರ್ಚು ಹಿಡಿದಿದ್ದೆ. ಏನಾದರೂ ಮಾತಾಡಬೇಕಲ್ಲ ಎಂದು ಮನೆ ಎಲ್ಲಿ ಎಂದು ಕೇಳಿದೆ.

“ಕೆಳಗೆ, ಹೊಳೆ ಬದಿ. ನೀರು ಅಂಗಳಕ್ಕೆ ಬಂದಿದೆ. ಹೆಂಡತಿ ಮಕ್ಕಳನ್ನು ಅಣ್ಣನ ಮನೆಗೆ ಬಿಟ್ಟು ಬಂದೆ.”

ಸಾಧಾರಣ ಸುದ್ದಿ ಹೇಳುವ ಹಾಗೆ ಹೇಳಿ, ಎದ್ದು, ಕುಂಟುತ್ತಾ ಗರಗಸದ ಇನ್ನೊಂದು ತುದಿ ಹಿಡಿದ.

ಟಾರ್ಚು ನನ್ನ ಕೈಯಲ್ಲಿ ಹಾಗೆಯೇ ಉರಿಯುತ್ತಿತ್ತು. ತನ್ನ ಅಂಗಳಕ್ಕೆ ಹೊಳೆ ಬಂದ ರಾತ್ರಿ ಈ ಮನುಷ್ಯ ತನ್ನ ಮನೆಯಲ್ಲಿರಬೇಕಿತ್ತು. ಅಕ್ಕಿ ಚೀಲ ಅಟ್ಟಕ್ಕೆ ಏರಿಸಬೇಕಿತ್ತು, ದನದ ಹಗ್ಗ ಬಿಚ್ಚಬೇಕಿತ್ತು. ಅದನ್ನು ಬಿಟ್ಟು ಇಲ್ಲಿಗೆ ಬಂದದ್ದು ನಾವು ಇಲ್ಲಿದ್ದೇವೆ ಎಂಬುದಕ್ಕೆ. ಬಸ್ಸಿನಲ್ಲಿದ್ದವರ ಮಾತು ಬೇರೆ. ಅವರಲ್ಲಿ ಊರಿಗೆ ಹೋಗಲೇಬೇಕಾದವರಿದ್ದರು. ನಾನು ಇಲ್ಲಿದ್ದುದು 2,400 ರೂಪಾಯಿಗೆ.

ಅಲ್ಲಿಯವರೆಗೆ ನಾನು ತಿಳಿದಿದ್ದು, ಅಪಾಯಕ್ಕೆ ಇಳಿದವನು ತನ್ನನ್ನು, ಹೆಚ್ಚೆಂದರೆ ತನ್ನವರನ್ನು ಪಣಕ್ಕಿಡುತ್ತಾನೆ ಎಂದು. ಕೆಟ್ಟ ಹವೆಯಲ್ಲಿ ಹೊರಡಬೇಡ ಎಂದು ಯಾರಾದರೂ ಹೇಳಿದರೆ ಅದು ನನ್ನ ಒಳ್ಳೆಯದಕ್ಕೆ ಹೇಳಿದ ಮಾತು. ಕೇಳುವುದೂ ಬಿಡುವುದೂ ನನ್ನ ಇಷ್ಟ. ಹೋಟೆಲಿನವರ ಮಾತನ್ನು ನಾನು ದಾಟಿದ್ದು ಈ ನಂಬಿಕೆಯಿಂದ.

ನಮ್ಮ ಹಿಂದಿನವರು ಇದನ್ನು ಬೇರೆ ರೀತಿಯಲ್ಲಿ ಯೋಚಿಸಿದ್ದರು. ಊರೂರು ಸಂಚರಿಸುವುದೇ ವ್ರತವಾಗಿರುವ ಜೈನ ಮುನಿಗಳು ಇಂದಿಗೂ ಚಾತುರ್ಮಾಸದಲ್ಲಿ ವಿಹಾರ ನಿಲ್ಲಿಸಿ ಒಂದೇ ಊರಲ್ಲಿ ನೆಲೆ ನಿಲ್ಲುತ್ತಾರೆ. ಬೌದ್ಧ ಭಿಕ್ಷುಗಳಿಗೆ ಮೂರು ತಿಂಗಳ ವರ್ಷಾವಾಸ. ನಮ್ಮ ಮಠಗಳ ಸ್ವಾಮಿಗಳೂ ಚಾತುರ್ಮಾಸ್ಯಕ್ಕೆ ಕೂರುತ್ತಾರೆ. ಚಿಕ್ಕವನಿದ್ದಾಗ ನಾನು ಅಂದುಕೊಂಡಿದ್ದೆ, ಹೊಳೆ ತುಂಬಿರುತ್ತದೆ, ದಾರಿ ಕೆಸರು, ನಡೆದು ಹೋಗುವವರಿಗೆ ಕಷ್ಟ, ಅದಕ್ಕೇ ನಿಲ್ಲುತ್ತಾರೆ ಎಂದು. ನಿಯಮದ ಮೂಲ ಓದಿದಾಗ ಆಶ್ಚರ್ಯವಾಯಿತು. ಮಳೆಗಾಲದಲ್ಲಿ ನೆಲದ ತುಂಬ ಹೊಸ ಮೊಳಕೆ, ಹುಳ ಹುಪ್ಪಟೆ. ಭಿಕ್ಷುಗಳು ಅದನ್ನೆಲ್ಲ ತುಳಿದುಕೊಂಡು ತಿರುಗುತ್ತಿದ್ದಾರೆ ಎಂದು ಜನ ಆಕ್ಷೇಪಿಸಿದರು. ಆಗ ಬುದ್ಧ ಮಳೆಗಾಲದಲ್ಲಿ ನಿಲ್ಲುವ ನಿಯಮ ಮಾಡಿದ ಎಂದು ವಿನಯಪಿಟಕ ಹೇಳುತ್ತದೆ. ಜೈನರಿಗೂ ಕಾರಣ ಜೀವಹಿಂಸೆಯೇ. ನಡೆಯುವವನ ಕಾಲು ಜಾರೀತು ಎಂದಲ್ಲ, ಆ ಕಾಲಿನ ಕೆಳಗೆ ಏನಿದೆ ಎಂದು. ಎರಡೂವರೆ ಸಾವಿರ ವರ್ಷದ ಹಿಂದೆ ಒಂದು ಹುಲ್ಲಿನ ಎಳೆಗಾಗಿ ಪ್ರಯಾಣ ನಿಲ್ಲಿಸಿದವರ ನಾಡಿನಲ್ಲಿ ನಾನು, ಹೊಳೆ ಬದಿಯ ಒಂದು ಅಂಗಳವನ್ನು ತುಳಿದುಕೊಂಡು ಘಾಟಿ ಇಳಿದಿದ್ದೆ.

ಇದು ಒಬ್ಬನ ಆತುರದ ಮಾತಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ನಮ್ಮೆಲ್ಲರ ಆತುರ ಒಟ್ಟು ಸೇರಿದಾಗ ಅದು ರಸ್ತೆಯ ಆಕಾರ ಪಡೆಯುತ್ತದೆ. ಹಳೆಯ ಘಾಟಿ ರಸ್ತೆಗಳು ಗುಡ್ಡದ ಮೈ ಸವರಿಕೊಂಡು, ಸುತ್ತಿ ಬಳಸಿ ಇಳಿಯುತ್ತಿದ್ದವು. ನಮಗೆ ಸುತ್ತು ಬೇಡ, ಅಗಲ ಬೇಕು, ವೇಗ ಬೇಕು. ಅದಕ್ಕೆ ಗುಡ್ಡದ ಬುಡವನ್ನು ಗೋಡೆಯ ಹಾಗೆ ನೆಟ್ಟಗೆ ಕೊಚ್ಚುತ್ತೇವೆ. ಇಳಿಜಾರಾಗಿ ಕೂತಿದ್ದ ಮಣ್ಣಿಗೆ ಕಾಲೇ ಇಲ್ಲದಂತಾಗುತ್ತದೆ. ಬೇಸಿಗೆಯಲ್ಲಿ ಅದು ನಿಂತಿರುತ್ತದೆ, ಒಣಗಿದೆ ಎಂಬ ಕಾರಣಕ್ಕೆ.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಹಾಗೆಯೇ ಕುಸಿಯಿತು. ಅದರ ಕೆಳಗೆ ಒಂದು ಚಹಾದಂಗಡಿ ಇತ್ತು. ದೂರದ ಲಾರಿಗಳವರು ಗಾಡಿ ಬದಿಗೆ ಹಾಕಿ ಒಂದು ಲೋಟ ಚಹಾ ಕುಡಿದು, ಕಣ್ಣು ಮುಚ್ಚಿ ಸುಧಾರಿಸಿಕೊಳ್ಳುವ ಜಾಗ. ಅಂಗಡಿ ನಡೆಸುತ್ತಿದ್ದ ಸಂಸಾರ ಹೋಯಿತು. ನಿಂತಿದ್ದ ಗಾಡಿಗಳು ಗಂಗಾವಳಿ ನದಿಗೆ ಬಿದ್ದವು. ಒಬ್ಬ ಡ್ರೈವರನ ಲಾರಿ ನದಿಯ ತಳದಿಂದ ಮೇಲೆ ಬಂದದ್ದು ಎರಡು ತಿಂಗಳು ಕಳೆದು, ಸೆಪ್ಟೆಂಬರ್ 25ರಂದು. ಆ ದಿನಗಳಲ್ಲಿ ಟಿ.ವಿ. ನೋಡಿದವರಿಗೆ ಇದೆಲ್ಲ ನೆನಪಿರುತ್ತದೆ. ನನ್ನನ್ನು ಬಿಡದೆ ಕಾಡಿದ್ದು ಇನ್ನೊಂದು. ನದಿಯ ಆಚೆ ದಡದಲ್ಲಿ ಉಳುವರೆ ಎಂಬ ಊರಿದೆ. ಗುಡ್ಡ ನದಿಗೆ ಬಿದ್ದ ರಭಸಕ್ಕೆ ನೀರು ಎದ್ದು ಆ ಊರಿನ ಮನೆಗಳ ಮೇಲೆ ಹೊಡೆಯಿತು. ಅಲ್ಲಿಯೂ ಒಂದು ಜೀವ ಹೋಯಿತು. ಹೆದ್ದಾರಿ ಅವರ ದಡದಲ್ಲಿರಲಿಲ್ಲ. ಅವರು ಎಲ್ಲಿಗೂ ಹೊರಟಿರಲಿಲ್ಲ. ತಮ್ಮ ಮನೆಯಲ್ಲಿ ಇದ್ದರು.

ರಸ್ತೆಯ ಮೇಲೆ ಹೋಗುವವರು ನಾವು; ರಸ್ತೆಯ ಬದಿಯಲ್ಲಿ ಇರುವವರು ಅವರು. ನಮಗೆ ಆ ಗುಡ್ಡ ಹತ್ತು ನಿಮಿಷದ ಸಂಗತಿ. ಅವರು ಅದರ ಕೆಳಗೆ ಮಲಗಿ ಏಳುತ್ತಾರೆ. 2019ರ ಆಗಸ್ಟ್‌ನ ಮಳೆಗೆ ಚಾರ್ಮಾಡಿ ರಸ್ತೆ ಅಲ್ಲಲ್ಲಿ ಕಿತ್ತುಹೋಗಿ ತಿಂಗಳುಗಟ್ಟಲೆ ಬಂದ್ ಆಯಿತು. ಬೆಂಗಳೂರಿನವರಾದ ನಾವು ಶಿರಾಡಿ ಘಾಟಿಯಲ್ಲಿ ಹೋದೆವು, ಬೇರೆ ದಾರಿ ಹಿಡಿಯಬೇಕಾಯಿತೆಂದು ಗೊಣಗಿದೆವು. ಅದೇ ಮಳೆಯಲ್ಲಿ ಘಾಟಿಯ ಬುಡದ ಊರುಗಳಿಗೆ ಹೊಳೆ ನುಗ್ಗಿತ್ತು. ಮೂಡಿಗೆರೆ ಕಡೆಯ ಮಲೆಮನೆಯಲ್ಲಿ ಮನೆ ಮಠ ಕಳೆದುಕೊಂಡವರು ಊರನ್ನೇ ಬಿಡಬೇಕಾಯಿತು. ಮುಟ್ಟಾಳೆಯವನ ಹೆಸರನ್ನು ನಾನು ಆ ರಾತ್ರಿ ಕೇಳಿರಲಿಲ್ಲ. ಪತ್ರಿಕೆಯ ಚಿತ್ರಗಳಲ್ಲಿ ಅವನ ಮುಖ ಹುಡುಕಿದೆ. ಹೆಸರು ಗೊತ್ತಿಲ್ಲದವನ ಬಗ್ಗೆ ಯಾರನ್ನು ಹೇಗೆ ವಿಚಾರಿಸುವುದು?

ನಿಂತುಬಿಡಬೇಕು ಎಂದು ಬರೆಯುವುದು ಸುಲಭ ಎಂಬುದೂ ನನಗೆ ಗೊತ್ತು. ಆ ತರಕಾರಿ ಲಾರಿಯ ಡ್ರೈವರು ಕೊಟ್ಟಿಗೆಹಾರದಲ್ಲಿ ನಿಂತಿದ್ದರೆ ಮಾಲು ಕೊಳೆಯುತ್ತಿತ್ತು, ಮಾಲೀಕನ ಬಾಯಿಗೆ ಅವನೇ ಸಿಗುತ್ತಿದ್ದ. ಬಸ್ಸಿನ ಡ್ರೈವರು ಮೇಲಿನವರ ಮಾತಿಲ್ಲದೆ ಟ್ರಿಪ್ ರದ್ದು ಮಾಡಲಾರ. ಗಾರೆ ಕೆಲಸಕ್ಕೆ ಇಳಿಯುವವರಿಗೆ ಒಂದು ದಿನ ನಿಂತರೆ ಒಂದು ದಿನದ ಕೂಲಿ ಇಲ್ಲ. ನಿಲ್ಲುವುದಕ್ಕೂ ಒಂದು ಬೆಲೆ ಇದೆ, ಅದನ್ನು ತೆರಲಾರದವರೇ ದಾರಿಯಲ್ಲಿ ಹೆಚ್ಚು. ಅವರನ್ನು ನಾನು ದೂರಲಾರೆ. ಆದರೆ ಆ ಸಾಲಿನಲ್ಲಿ ನಿಂತಿದ್ದ ಕಾರುಗಳಲ್ಲಿ ನಮ್ಮಂಥವರೇ ಅರ್ಧಕ್ಕಿಂತ ಹೆಚ್ಚಿದ್ದೆವು. ಅವತ್ತು ಹೋಗದಿದ್ದರೆ ಏನೂ ಕೆಡದವರು. ನಾವು ಇಲ್ಲದಿದ್ದರೆ ಹಿಂದೆ ಸರಿಸಬೇಕಾದ ಗಾಡಿಗಳು ಕಡಿಮೆಯಾಗುತ್ತಿದ್ದವು, ಬಸ್ಸು ತಿರುಗಿಸಲು ಜಾಗವಾದರೂ ಇರುತ್ತಿತ್ತು. ಬಸ್ಸಿನಲ್ಲಿ ಒಬ್ಬ ಬಾಣಂತಿ ಇದ್ದಳು ಎಂದು ನನಗೆ ಗೊತ್ತಾದದ್ದು ಬೆಳಿಗ್ಗೆ.

ಬೆಳಗಿನ ಜಾವ ನಾಲ್ಕರ ಸುಮಾರಿಗೆ ಬಸ್ಸನ್ನು ಮೊದಲು ಬಿಟ್ಟರು. ನಮ್ಮ ಕಾರು ಹೋಗುವಾಗ ಅವರೆಲ್ಲ ಬದಿಯ ಕಟ್ಟೆಯ ಮೇಲೆ ಕೂತು, ಕ್ಯಾನಿನ ತಳದಲ್ಲಿ ಉಳಿದ ತಣ್ಣನೆ ಚಹಾ ಹಂಚಿಕೊಳ್ಳುತ್ತಿದ್ದರು. ನಾನು ಗ್ಲಾಸು ಇಳಿಸಿ ಐನೂರರ ನೋಟು ಚಾಚಿದೆ. ಮುಟ್ಟಾಳೆಯವನು ಕೈ ಅಡ್ಡ ಆಡಿಸಿದ. “ನಿಧಾನ ಹೋಗಿ, ಕೆಳಗೆ ಇನ್ನೂ ನೀರುಂಟು.” ಅಮ್ಮ ಹಿಂದಿನ ಸೀಟಿನಿಂದ ಕೈ ಮುಗಿದರು.

ಕಳೆದ ವರ್ಷ, ಅದೇ ಪುನರ್ವಸು, ಮತ್ತೆ ಕೊಟ್ಟಿಗೆಹಾರ. ಅಮ್ಮ ಈಗಿಲ್ಲ. ಯಜಮಾನರು ಗಲ್ಲಾದಲ್ಲೇ ಇದ್ದರು, ನನ್ನ ಗುರುತು ಅವರಿಗಿರಲಿಲ್ಲ. ಕುಳಿತುಕೊಳ್ಳುವ ಮೊದಲೇ ಕೇಳಿದೆ, ಎಷ್ಟಾಯ್ತು ಎಂದು. “ಆರೂವರೆ. ಇನ್ನೂ ಹಿಡಿದುಕೊಂಡಿದೆ,” ಎಂದರು. ಮೂಡಿಗೆರೆಯಲ್ಲಿ ರೂಮು ಹೇಳಿ ಬಂದು ನೀರುದೋಸೆಗೆ ಕೂತೆವು.

ಪಕ್ಕದ ಮೇಜಿನಲ್ಲಿ ಒಂದು ಚಿಕ್ಕ ಸಂಸಾರ. ಗಂಡ, ಹೆಂಡತಿ, ಮಡಿಲಲ್ಲಿ ಮಗು. ಎದ್ದು ಕಾರಿನ ಕಡೆ ಹೋದರು. ಯಜಮಾನರು ಅವರಿಗೂ ಹೇಳಿದ್ದರು, ನಾನು ಕೇಳಿಸಿಕೊಂಡಿದ್ದೆ. ಕೊಡೆಯಿಲ್ಲದೆ ಹೊರಗೆ ಓಡಿ ಕಿಟಕಿ ತಟ್ಟಿದೆ. ಇವತ್ತು ಇಳಿಯಬೇಡಿ, ಒಂದು ಸಲ ನಾನು ಇಳಿದು ನೋಡಿದ್ದೇನೆ ಎಂದೆ. ಹೊಳೆ ಬದಿಯ ಅಂಗಳದ ವಿಷಯ ಹೇಳಬೇಕೆಂದಿದ್ದೆ. ಮಳೆಯಲ್ಲಿ ನಿಂತು, ಎಂಜಿನ್ ಸದ್ದಿನ ನಡುವೆ, ಗುರುತಿಲ್ಲದವನಿಗೆ ಅದನ್ನು ಎರಡು ಮಾತಿನಲ್ಲಿ ಹೇಳಲು ಬರಲಿಲ್ಲ. ಆ ಹುಡುಗ ತಾಳ್ಮೆಯಿಂದ ಕೇಳಿದ. ಥ್ಯಾಂಕ್ಸ್ ಅಂಕಲ್, ಹುಷಾರಾಗಿ ಹೋಗ್ತೀವಿ ಎಂದು ನಕ್ಕ. ನಾನು ಅಮ್ಮನ ಹೆಗಲು ಮುಟ್ಟಿ ನಕ್ಕ ನಗುವೇ ಅದು, ಅಷ್ಟೇ ಮೃದು.

ಮಂಜಿನಲ್ಲಿ ಅವರ ಹಿಂಬದಿಯ ದೀಪ ಮೊದಲ ತಿರುವಿನವರೆಗೆ ಕಂಡಿತು. ಒಳಗೆ ಬಂದಾಗ ಯಜಮಾನರು ಟವೆಲ್ ಕೊಟ್ಟರು, ಗೋಡೆಯ ಗಡಿಯಾರ ನೋಡಿ ಹೊತ್ತು ಗುರುತು ಹಾಕಿಕೊಂಡರು. “ಕೆಳಗೆ ಗೊತ್ತಿರೋರು ಇದ್ದಾರೆ,” ಎಂದು ಫೋನಿನಲ್ಲಿ ನಂಬರು ಹುಡುಕತೊಡಗಿದರು. “ಬಿಳಿ ಕಾರು ಅಲ್ವಾ ಸಾರ್?”

“ಹೌದು,” ಎಂದೆ. “ಮಗು ಇದೆ ಅಂತಲೂ ಹೇಳಿ.”